ಹಳೇ ಲಿನಕ್ಸ್ ಲ್ಯಾಪ್‌ಟಾಪಿಗೆ ಮಾನಿಟರ್ ಸಿಗಿಸಿದರೆ ಏನೂ ಕಾಣ್ತಿಲ್ವಾ?

ಮಾನಿಟರ್ ಕೈಕೊಟ್ಟ ಕೂಡಲೇ ಲಿನಕ್ಸ್ ಬಳಸುವವರು ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆಗೆದು ಕೂರುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಮೊದಲು ಕೇಬಲ್, ಆಮೇಲೆ ಮಾನಿಟರ್, ಆಮೇಲೆ ಬಯೋಸ್ (ಲಿನಕ್ಸಿಗೂ ಮುಂಚೆ ಓಡುವ ಲ್ಯಾಪ್‌ಟಾಪಿನ ಮೂಲ ತಂತ್ರಾಂಶ), ಅದಾದ ಮೇಲೆ ಲಿನಕ್ಸ್. ಹೊರಗಿಂದ ಒಳಗೆ ಬನ್ನಿ. ತೊಂದರೆ ಲಿನಕ್ಸಿನದೋ ಅಲ್ಲವೋ ಅಂತ ತಿಳಿಯದೆ ಸೆಟ್ಟಿಂಗ್ ಬದಲಾಯಿಸಿದರೆ, ಸರಿಯಾಗಿದ್ದದ್ದೂ ಕೆಡುತ್ತೆ.

ಇಲ್ಲಿ ಹೇಳುತ್ತಿರುವುದು 2010ರಿಂದ 2014ರ ಆಸುಪಾಸಿನ ಲ್ಯಾಪ್‌ಟಾಪುಗಳ ವಿಷಯ. ಮೈಸೂರು, ಮಂಡ್ಯದಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋದರೆ ಸಿಗುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಪ್ರೋಬುಕ್ ಇಂಥವು. ಇವುಗಳಿಗೆ ಹೊಸ ವಿಂಡೋಸ್ ಭಾರ, ಲಿನಕ್ಸ್ ಮಿಂಟ್ ಅಥವಾ ಲುಬುಂಟು ಹಾಕಿದರೆ ಚೆನ್ನಾಗಿ ಓಡುತ್ತವೆ. ಪರದೆ ಮಾತ್ರ ಚಿಕ್ಕದು. ಹಾಗಾಗಿ ಪಕ್ಕಕ್ಕೊಂದು ಮಾನಿಟರ್ ಬೇಕೇ ಬೇಕು ಅನಿಸುತ್ತೆ.

ಮಾನಿಟರ್ ಏನು ಹೇಳ್ತಿದೆ ಅಂತ ಓದಿ

ಮಾನಿಟರ್ ಆನ್ ಮಾಡಿ, ಕೇಬಲ್ ಸಿಗಿಸಿ, ಪರದೆ ಮೇಲೆ ಬರುವ ಸಂದೇಶ ನೋಡಿ. ಬಹಳ ಜನ ಇದನ್ನು ಓದುವುದೇ ಇಲ್ಲ. "ಬರ್ತಿಲ್ಲ" ಅಂತಷ್ಟೇ ಹೇಳುತ್ತಾರೆ.

"ನೋ ಸಿಗ್ನಲ್" ಅಂತ ಬಂದರೆ ಲ್ಯಾಪ್‌ಟಾಪಿನಿಂದ ಏನೂ ತಲುಪುತ್ತಿಲ್ಲ, ಅಥವಾ ಮಾನಿಟರ್ ಬೇರೆ ಪೋರ್ಟ್ ಕಡೆ ನೋಡುತ್ತಾ ಕೂತಿದೆ. ಎರಡನೇದು ತುಂಬಾ ಸಾಮಾನ್ಯ. ಮಾನಿಟರಿನ ಬಟನ್ ಒತ್ತಿ ಇನ್‌ಪುಟ್ ಅಥವಾ ಸೋರ್ಸ್ ಅನ್ನುವ ಕಡೆ ಹೋಗಿ, ನೀವು ಕೇಬಲ್ ಹಾಕಿರುವ ಪೋರ್ಟನ್ನೇ ಆರಿಸಿ. ಆಟೋ ಅಂತ ಬಿಟ್ಟರೆ ಕೆಲವು ಹಳೇ ಮಾನಿಟರುಗಳು ಸರಿಯಾಗಿ ಹುಡುಕುವುದಿಲ್ಲ.

"ಔಟ್ ಆಫ್ ರೇಂಜ್" ಅಥವಾ "ಇನ್‌ಪುಟ್ ನಾಟ್ ಸಪೋರ್ಟೆಡ್" ಅಂತ ಬಂದರೆ ಖುಷಿ ಪಡಿ. ಕೇಬಲ್ ಸರಿ ಇದೆ, ಪೋರ್ಟ್ ಸರಿ ಇದೆ, ಸಿಗ್ನಲ್ ಬರುತ್ತಿದೆ. ಮಾನಿಟರಿಗೆ ಆಗದ ರೆಸಲ್ಯೂಶನ್ (ಪರದೆಯ ಅಡ್ಡ, ಉದ್ದದ ಚುಕ್ಕೆಗಳ ಲೆಕ್ಕ) ಕಳಿಸುತ್ತಿದ್ದೀರಿ, ಅಷ್ಟೇ. ಸೀದಾ ರೆಸಲ್ಯೂಶನ್ ಭಾಗಕ್ಕೆ ಹೋಗಿ.

ಏನೂ ಬರದೆ, ಪವರ್ ಲೈಟೂ ಇಲ್ಲದಿದ್ದರೆ ಅಡಾಪ್ಟರ್ ಅಥವಾ ಪವರ್ ಕಾರ್ಡ್ ನೋಡಿ. ಅದಕ್ಕೂ ಲಿನಕ್ಸಿಗೂ ಸಂಬಂಧ ಇಲ್ಲ.

ವಿಜಿಎ ಕೇಬಲ್: ಇಲ್ಲೇ ಸ್ವಲ್ಪ ನಿಲ್ಲೋಣ

ನೀಲಿ ತಲೆಯ, ಎರಡು ಕಡೆ ತಿರುಪು ಇರುವ ಕೇಬಲ್ಲೇ ವಿಜಿಎ. 1987ರಲ್ಲಿ ಐಬಿಎಂ ತಂದದ್ದು. ಹದಿನೈದು ಪಿನ್, ಮೂರು ಸಾಲು, ಸಾಲಿಗೆ ಐದು. ಹಳೇ ಲ್ಯಾಪ್‌ಟಾಪುಗಳಲ್ಲಿ ಇದೇ ಮುಖ್ಯ ಪೋರ್ಟ್. ತೊಂದರೆಯೂ ಇಲ್ಲೇ ಜಾಸ್ತಿ.

ಕೇಬಲ್ ಬಿಚ್ಚಿ, ಅದರ ತುದಿಯನ್ನು ಮೊಬೈಲ್ ಟಾರ್ಚಿನ ಬೆಳಕಿಗೆ ಹಿಡಿಯಿರಿ. ಯಾವುದಾದರೂ ಪಿನ್ ಬಗ್ಗಿದೆಯಾ, ಒಳಗೆ ಹೋಗಿದೆಯಾ? ಬಗ್ಗಿದ್ದರೆ ಸಣ್ಣ ಚಿಮಟದಲ್ಲಿ ನಿಧಾನವಾಗಿ ನೆಟ್ಟಗೆ ಮಾಡಬಹುದು. ನಡುವಿನ ಸಾಲಿನಲ್ಲಿ ಒಂದು ಪಿನ್ ಇಲ್ಲವೇ ಇಲ್ಲ ಅನಿಸಿದರೆ ಹೆದರಬೇಡಿ. ಅದು 9ನೇ ಪಿನ್. ಎಷ್ಟೋ ಕೇಬಲ್ಲುಗಳಲ್ಲಿ ಅದು ಇರುವುದೇ ಇಲ್ಲ.

ಬಣ್ಣ ನೋಡಿದರೇ ಯಾವ ಪಿನ್ ಕೈಕೊಟ್ಟಿದೆ ಅಂತ ಹೇಳಬಹುದು. 1, 2, 3ನೇ ಪಿನ್ನುಗಳು ಕ್ರಮವಾಗಿ ಕೆಂಪು, ಹಸಿರು, ನೀಲಿ ಬಣ್ಣ ಹೊರುತ್ತವೆ. ಬಿಳಿ ಪರದೆ ಹಳದಿಯಾಗಿ ಕಂಡರೆ ನೀಲಿ ಹೋಗಿದೆ. ಗುಲಾಬಿ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಹಸಿರು ಹೋಗಿದೆ. ತಿಳಿ ನೀಲಿ ಹಸಿರು ಆಗಿದ್ದರೆ ಕೆಂಪು ಬರುತ್ತಿಲ್ಲ. ಕೇಬಲ್ ಅಲ್ಲಾಡಿಸಿದಾಗ ಬಣ್ಣ ಬಂದು ಹೋಗುತ್ತಿದ್ದರೆ ಸಾಫ್ಟ್‌ವೇರ್ ಕಡೆ ನೋಡುವ ಅಗತ್ಯವೇ ಇಲ್ಲ. 13 ಮತ್ತು 14ನೇ ಪಿನ್ನುಗಳು ಅಡ್ಡ, ಉದ್ದದ ಸಿಂಕ್, ಅಂದರೆ ಚಿತ್ರವನ್ನು ಜಾಗದಲ್ಲಿ ನಿಲ್ಲಿಸುವ ಸಂಕೇತ, ಕೊಡುತ್ತವೆ. ಅವು ಹೋದರೆ ಚಿತ್ರ ನಿಲ್ಲುವುದಿಲ್ಲ, ಅಥವಾ ಮಾನಿಟರ್ ನಿದ್ದೆಗೆ ಜಾರುತ್ತೆ.

ಇನ್ನೊಂದು ಕಳ್ಳ ತೊಂದರೆ ಇದೆ. ಚಿತ್ರ ಬರುತ್ತೆ, ಬಣ್ಣ ಸರಿ, ಆದರೆ ರೆಸಲ್ಯೂಶನ್ 1024×768 ದಾಟುವುದಿಲ್ಲ. ಮಾನಿಟರ್ ತನ್ನ ಅಳತೆ, ತನಗೆ ಆಗುವ ರೆಸಲ್ಯೂಶನ್ ಇವನ್ನೆಲ್ಲ ಇಡಿಐಡಿ ಅನ್ನುವ 128 ಬೈಟಿನ ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಕಳಿಸುತ್ತೆ. ಅದು ಹೋಗುವುದು 12 ಮತ್ತು 15ನೇ ಪಿನ್ ಮೂಲಕ. ಅಗ್ಗದ ಕೇಬಲ್ಲುಗಳಲ್ಲಿ ಈ ಎರಡು ತಂತಿ ಹಾಕದೇ ಬಿಟ್ಟಿರುತ್ತಾರೆ. ಚೀಟಿ ಸಿಗದಿದ್ದಾಗ ಲಿನಕ್ಸ್ ಸುರಕ್ಷಿತ ಅಂತ 1024×768ಕ್ಕೆ ನಿಲ್ಲುತ್ತೆ.

ಮಂಡ್ಯ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ನೆಂಟರ ಹುಡುಗನದೊಂದು ಜೆರಾಕ್ಸ್ ಅಂಗಡಿ ಇದೆ. ಥಿಂಕ್‌ಪ್ಯಾಡ್ ಟಿ420, ಅದಕ್ಕೆ 19 ಇಂಚಿನ ಹಳೇ ಚೌಕದ ಮಾನಿಟರ್. "ಅಣ್ಣಾ, ಪಹಣಿ ಅಕ್ಷರ ಎಲ್ಲ ದೊಡ್ಡ ಆಗ್ಬಿಟ್ಟು ಮಬ್ಬು ಮಬ್ಬು ಕಾಣ್ತವೆ ಕಣಣ್ಣ, ಮಿಂಟ್ ತೆಗೆದು ಬೇರೆ ಹಾಕ್ಬೇಕೇನೋ" ಅಂದ. ಆ ಮಾನಿಟರಿನ ನಿಜವಾದ ರೆಸಲ್ಯೂಶನ್ 1280×1024. ಡಿಸ್‌ಪ್ಲೇ ಸೆಟ್ಟಿಂಗಿನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಎಲ್ಲಕ್ಕಿಂತ ಮೇಲೆ 1024×768, ಮಾನಿಟರ್ ಹೆಸರಿರಬೇಕಾದ ಜಾಗದಲ್ಲಿ ಕಂಪನಿಯ ಹೆಸರೂ ಇಲ್ಲ. ಹೆಸರಿಲ್ಲ ಅಂದರೆ ಚೀಟಿ ತಲುಪಿಲ್ಲ ಅಂತಲೇ ಅರ್ಥ. ಪಕ್ಕದ ಅಂಗಡಿಯ ಡೆಸ್ಕ್‌ಟಾಪಿನಿಂದ ಕೇಬಲ್ ಬಿಚ್ಚಿ ತಂದು ಹಾಕಿದ ತಕ್ಷಣ ಕಂಪನಿ ಹೆಸರೂ ಬಂತು, 1280×1024ನೂ ಬಂತು. ಮಿಂಟ್ ತೆಗೆಯುವ ಮಾತು ಅಲ್ಲಿಗೆ ಮುಗಿಯಿತು.

ಚಿತ್ರ ಒಂದು ಪಕ್ಕಕ್ಕೆ ಸರಿದಿದ್ದರೆ ಅಥವಾ ಅಕ್ಷರದ ಅಂಚು ನಡುಗುತ್ತಿದ್ದರೆ ಮಾನಿಟರಿನ ಆಟೋ ಬಟನ್ ಒಮ್ಮೆ ಒತ್ತಿ. ಅಷ್ಟು ಸಾಕು.

ಕನ್ವರ್ಟರ್ ಕೊಳ್ಳುವ ಮುಂಚೆ

ಕನ್ವರ್ಟರ್‌ಗೆ ದಿಕ್ಕು ಇರುತ್ತೆ. ಎಚ್‌ಡಿಎಂಐನಿಂದ ವಿಜಿಎಗೆ ಅಂತ ಇರುವುದು ಆ ಕಡೆಗೆ ಮಾತ್ರ ಕೆಲಸ ಮಾಡುತ್ತೆ. ಲ್ಯಾಪ್‌ಟಾಪಿನಲ್ಲಿ ವಿಜಿಎ, ಮಾನಿಟರಿನಲ್ಲಿ ಎಚ್‌ಡಿಎಂಐ ಇದ್ದರೆ ಬೇರೆಯದೇ ಡಬ್ಬ ಬೇಕು, ಅದಕ್ಕೆ ಸಾಮಾನ್ಯವಾಗಿ ಯುಎಸ್‌ಬಿಯಿಂದ ಕರೆಂಟೂ ಕೊಡಬೇಕು. ಅಂಗಡಿಯಲ್ಲಿ "ವಿಜಿಎ ಎಚ್‌ಡಿಎಂಐ ಕೊಡಿ" ಅಂದರೆ ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಡುತ್ತಾರೆ. "ಲ್ಯಾಪ್‌ಟಾಪ್ ಕಡೆ ಇದು, ಮಾನಿಟರ್ ಕಡೆ ಅದು" ಅಂತ ಬಿಡಿಸಿ ಹೇಳಿ.

ಥಿಂಕ್‌ಪ್ಯಾಡ್ ಟಿ420, ಎಕ್ಸ್220ಗಳಲ್ಲಿ ವಿಜಿಎ ಜೊತೆಗೆ ಡಿಸ್‌ಪ್ಲೇಪೋರ್ಟ್ ಇದೆ. ಟಿ430, ಎಕ್ಸ್230ಗಳಲ್ಲಿ ಅದರ ಮಿನಿ ರೂಪ. ಅಲ್ಲಿಂದ ಎಚ್‌ಡಿಎಂಐಗೆ ಸಾದಾ ಕನ್ವರ್ಟರ್ ನಡೆಯುತ್ತೆ. ವಿಜಿಎಗೆ ಒದ್ದಾಡುವ ಬದಲು ಇದನ್ನೇ ಬಳಸಿ ಅನ್ನುವುದು ನನ್ನ ಸಲಹೆ, ಚಿತ್ರ ಎಷ್ಟೋ ಚೊಕ್ಕಟ. ಎಚ್‌ಡಿಎಂಐನಿಂದ ಡಿವಿಐಗೂ ಸಾದಾ ಪ್ಲಗ್ ಸಾಕು.

ಯುಎಸ್‌ಬಿಯಿಂದ ಎಚ್‌ಡಿಎಂಐ ಕೊಡುವ ಡಬ್ಬಗಳನ್ನು ಹಳೇ ಲಿನಕ್ಸ್ ಲ್ಯಾಪ್‌ಟಾಪಿಗೆ ಕೊಳ್ಳಲು ಹೋಗಬೇಡಿ. ಅವಕ್ಕೆ ಬೇರೆ ಡ್ರೈವರ್ (ಆ ಸಾಧನವನ್ನು ನಡೆಸುವ ತಂತ್ರಾಂಶ) ಹಾಕಬೇಕು, ಲಿನಕ್ಸಿನ ತಿರುಳಾದ ಕರ್ನಲ್ ಅಪ್‌ಡೇಟ್ ಆದಾಗ ಅದು ಕೈಕೊಡಬಹುದು, ಪ್ರೊಸೆಸರಿಗೂ ಭಾರ. ಪೋರ್ಟೇ ಸತ್ತುಹೋಗಿದ್ದರೆ ಮಾತ್ರ ಯೋಚಿಸಿ.

ಅರ್ಥಿಂಗ್ ವಿಷಯ ಒಂದು ಮಾತು. ಹಳೇ ಮನೆ, ಹಳೇ ಅಂಗಡಿಗಳಲ್ಲಿ ಮೂರನೇ ಪಿನ್ನಿಗೆ ತಂತಿಯೇ ಇರುವುದಿಲ್ಲ. ಲ್ಯಾಪ್‌ಟಾಪಿನ ಲೋಹ ಮುಟ್ಟಿದರೆ ಜುಮ್ ಅನ್ನುತ್ತಿದೆಯಾ? ಹಾಗಿದ್ದಾಗ ಎರಡೂ ಆನ್ ಇರುವಾಗಲೇ ಕೇಬಲ್ ಸಿಗಿಸಬೇಡಿ, ಪೋರ್ಟ್ ಸುಟ್ಟುಹೋಗಬಹುದು. ಎರಡನ್ನೂ ಆಫ್ ಮಾಡಿ, ಒಂದೇ ಸ್ಪೈಕ್ ಬಸ್ಟರಿಗೆ ಹಾಕಿ, ಕೇಬಲ್ ಸಿಗಿಸಿ, ಆಮೇಲೆ ಆನ್ ಮಾಡಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿ ಮಾಡಿಸುವುದೇ ಸರಿಯಾದ ದಾರಿ.

ತಪ್ಪು ಲಿನಕ್ಸಿನದೋ ಅಲ್ಲವೋ

ಈಗ ನಿಜವಾದ ಪರೀಕ್ಷೆ. ಮಾನಿಟರ್ ಸಿಗಿಸಿಟ್ಟು ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ಕಂಪನಿಯ ಲೋಗೋ, ಬಯೋಸ್ ಪರದೆ ಮಾನಿಟರಿನಲ್ಲಿ ಕಂಡರೆ ಪೋರ್ಟ್, ಕೇಬಲ್, ಮಾನಿಟರ್ ಮೂರೂ ಸರಿ ಇವೆ. ಆಮೇಲೆ ಕಪ್ಪಾದರೆ ತಪ್ಪು ಲಿನಕ್ಸ್ ಕಡೆಯದು.

ಕಾಣದಿದ್ದರೆ ಪೋರ್ಟ್ ಕೆಟ್ಟಿದೆ ಅಂತ ಆಗಲೇ ತೀರ್ಮಾನ ಬೇಡ. ಥಿಂಕ್‌ಪ್ಯಾಡುಗಳ ಬಯೋಸಿನಲ್ಲಿ ಕಾನ್ಫಿಗ್, ಅದರೊಳಗೆ ಡಿಸ್‌ಪ್ಲೇ ಅಂತ ಇರುತ್ತೆ. ಬೂಟ್ ಡಿಸ್‌ಪ್ಲೇ ಯಾವುದು ಅಂತ ಅಲ್ಲಿ ಆರಿಸಬಹುದು. ಅದು ಲ್ಯಾಪ್‌ಟಾಪ್ ಪರದೆಗೆ ಇದ್ದರೆ ಹೊರಗಿನದರಲ್ಲಿ ಲೋಗೋ ಬರಲ್ಲ. ತಾತ್ಕಾಲಿಕವಾಗಿ ಬದಲಾಯಿಸಿ ನೋಡಿ.

ಆಗಲೂ ಗೊಂದಲವಾದರೆ ಪೆನ್‌ಡ್ರೈವಿನಲ್ಲಿ ಬೇರೆ ಲಿನಕ್ಸ್ ಹಾಕಿ, ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಬೂಟ್ ಮಾಡಿ. ಅದರಲ್ಲಿ ಮಾನಿಟರ್ ಬಂದರೆ ನಿಮ್ಮ ಇನ್‌ಸ್ಟಾಲೇಶನ್ನಿನಲ್ಲಿ ಏನೋ ಸೆಟ್ಟಿಂಗ್ ಕೆಟ್ಟಿದೆ. ನಿನ್ನೆವರೆಗೂ ಬರುತ್ತಿದ್ದದ್ದು ಅಪ್‌ಡೇಟ್ ಆದ ಮೇಲೆ ನಿಂತಿದ್ದರೆ ಇನ್ನೂ ಸುಲಭ. ಆನ್ ಆಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ ಗ್ರಬ್ ಮೆನು (ಯಾವುದನ್ನು ಬೂಟ್ ಮಾಡಬೇಕು ಅಂತ ಕೇಳುವ ಪಟ್ಟಿ) ತೆಗೆಯಿರಿ, ಅಡ್ವಾನ್ಸ್ಡ್ ಆಪ್ಶನ್ಸ್ ಒಳಗೆ ಹಳೇ ಕರ್ನಲ್ ಆರಿಸಿ. ಅದರಲ್ಲಿ ಬಂದರೆ ಹೊಸ ಕರ್ನಲ್ಲಿನದೇ ಕಿತಾಪತಿ. ಸದ್ಯಕ್ಕೆ ಹಳೇದರಲ್ಲೇ ಕೆಲಸ ಮಾಡಿ.

ಲಿನಕ್ಸ್ ಒಳಗೆ

ಮೊದಲು ಕೀಲಿ ಒತ್ತಿ ನೋಡಿ. ವಿಂಡೋಸ್ ಚಿತ್ರ ಇರುವ ಕೀಲಿ ಮತ್ತು ಪಿ ಸೇರಿಸಿ ಒತ್ತಿದರೆ ಬಹಳಷ್ಟು ಡೆಸ್ಕ್‌ಟಾಪುಗಳಲ್ಲಿ ಪರದೆ ಬದಲಾಗುತ್ತೆ. ಥಿಂಕ್‌ಪ್ಯಾಡುಗಳಲ್ಲಿ ಎಫ್‌ಎನ್ ಜೊತೆ ಎಫ್7. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ ತೆಗೆದು, ಡಿಟೆಕ್ಟ್ ಅನ್ನುವ ಬಟನ್ ಇದ್ದರೆ ಒತ್ತಿ. ಬೂಟ್ ಆದ ಮೇಲೆ ವಿಜಿಎ ಸಿಗಿಸಿದರೆ ಹಳೇ ಯಂತ್ರಗಳಿಗೆ ಕೆಲವು ಸಲ ಗೊತ್ತಾಗುವುದೇ ಇಲ್ಲ, ಎಬ್ಬಿಸಬೇಕು.

ಈಗ ಟರ್ಮಿನಲ್ ತೆಗೆಯಬಹುದು. ಬೇಕಾಗಿರುವುದು ಎಕ್ಸ್‌ರ್ಯಾಂಡರ್ ಅನ್ನುವ ಕಮಾಂಡ್. ಎಕ್ಸ್, ಆರ್, ಎ, ಎನ್, ಡಿ, ಆರ್, ಎಲ್ಲ ಇಂಗ್ಲಿಷ್ ಸಣ್ಣಕ್ಷರ, ನಡುವೆ ಜಾಗ ಬಿಡದೆ. ಎಂಟರ್ ಒತ್ತಿದರೆ ಎಲ್ಲ ಪೋರ್ಟುಗಳನ್ನು ಮತ್ತೊಮ್ಮೆ ತಡಕಿ ಪಟ್ಟಿ ಕೊಡುತ್ತೆ. ಎಲ್‌ವಿಡಿಎಸ್-1 ಅಥವಾ ಇಡಿಪಿ-1 ಅಂದರೆ ಲ್ಯಾಪ್‌ಟಾಪಿನ ಸ್ವಂತ ಪರದೆ. ವಿಜಿಎ-1, ಎಚ್‌ಡಿಎಂಐ-1, ಡಿಪಿ-1 ಹೊರಗಿನವು. ಪ್ರತಿಯೊಂದರ ಮುಂದೆ ಕನೆಕ್ಟೆಡ್ ಅಥವಾ ಡಿಸ್‌ಕನೆಕ್ಟೆಡ್ ಅಂತ ಇರುತ್ತೆ.

ಕನೆಕ್ಟೆಡ್ ಅಂತಿದ್ದೂ ಪರದೆ ಕಪ್ಪಗಿದ್ದರೆ ಅದನ್ನು ಆನ್ ಮಾಡಿ:

ಎಕ್ಸ್‌ರ್ಯಾಂಡರ್ --ಔಟ್‌ಪುಟ್ ವಿಜಿಎ-1 --ಆಟೋ --ರೈಟ್-ಆಫ್ ಎಲ್‌ವಿಡಿಎಸ್-1

ಇಲ್ಲಿರುವ ಕಮಾಂಡುಗಳನ್ನೆಲ್ಲ ಇಂಗ್ಲಿಷಿನಲ್ಲೇ ಟೈಪ್ ಮಾಡಿ, ಪೋರ್ಟಿನ ಹೆಸರನ್ನು ಪಟ್ಟಿಯಲ್ಲಿ ಹೇಗಿದೆಯೋ ಹಾಗೇ, ದೊಡ್ಡಕ್ಷರ ಸಮೇತ. ಕಮಾಂಡ್ ಸಹವಾಸ ಬೇಡ ಅನ್ನುವವರಿಗೆ ಎರ್ಯಾಂಡರ್ ಅನ್ನುವ ಪುಟ್ಟ ತಂತ್ರಾಂಶ ಇದೆ. ಪರದೆಗಳನ್ನು ಮೌಸಿನಲ್ಲಿ ಎಳೆದು ಕೂರಿಸಬಹುದು, ಆ ಜೋಡಣೆಯನ್ನು ಸೇವ್ ಮಾಡಿಟ್ಟುಕೊಳ್ಳಬಹುದು. ಅಂಗಡಿಯವರಿಗೆ ನಾನು ಇದನ್ನೇ ಹಾಕಿಕೊಡುತ್ತೇನೆ.

"ಸಿಆರ್‌ಟಿಸಿ ಸಿಗಲಿಲ್ಲ" (ಸಿಆರ್‌ಟಿಸಿ ಅಂದರೆ ಒಂದು ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಭಾಗ) ಅನ್ನುವ ಅರ್ಥದ ದೂರು ಬಂದರೆ ಪರದೆಗಳ ಸಂಖ್ಯೆ ಜಾಸ್ತಿಯಾಗಿದೆ ಅಂತ. 2011ರ ಇಂಟೆಲ್ ಎಚ್‌ಡಿ 3000 ಗ್ರಾಫಿಕ್ಸ್ ಒಮ್ಮೆಗೆ ಎರಡೇ ಪರದೆ ನಡೆಸುತ್ತೆ. ಹೊರಗೆ ಎರಡು ಮಾನಿಟರ್ ಬೇಕಿದ್ದರೆ ಲ್ಯಾಪ್‌ಟಾಪಿನದನ್ನು ಆಫ್ ಮಾಡಲೇಬೇಕು.

ಒಂದು ಎಚ್ಚರಿಕೆ. ಉಬುಂಟು 21.04ರಿಂದ ಈಚೆಗೆ ಸಾಮಾನ್ಯವಾಗಿ ವೇಲ್ಯಾಂಡ್ (ಪರದೆಗೆ ಚಿತ್ರ ಮೂಡಿಸುವ ಹೊಸ ವ್ಯವಸ್ಥೆ) ಮೇಲೆ ಓಡುತ್ತೆ. ಅಲ್ಲಿ ಎಕ್ಸ್‌ರ್ಯಾಂಡರ್ ಪಟ್ಟಿ ತೋರಿಸಿದರೂ ಬದಲಾವಣೆ ಮಾಡಲಾಗದು. ಸೆಟ್ಟಿಂಗ್ಸ್ ಒಳಗಿನ ಅಬೌಟ್ ಪುಟದಲ್ಲಿ ಯಾವುದು ಓಡುತ್ತಿದೆ ಅಂತ ಬರೆದಿರುತ್ತೆ. ವೇಲ್ಯಾಂಡ್ ಇದ್ದರೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲೇ ಮಾಡಿ, ಅಥವಾ ಲಾಗಿನ್ ಪರದೆಯ ಮೂಲೆಯ ಚಕ್ರದ ಗುರುತು ಒತ್ತಿ, ಇದ್ದರೆ ಎಕ್ಸ್‌ಆರ್ಗ್ ಅನ್ನುವ ಹಳೇ ವ್ಯವಸ್ಥೆ ಆರಿಸಿ. ಮಿಂಟ್ ಸಿನಮನ್ ಬಳಸುವವರಿಗೆ ಈ ತಲೆನೋವು ಸಾಮಾನ್ಯವಾಗಿ ಇಲ್ಲ.

ಪಟ್ಟಿಯಲ್ಲಿ ಒಂದೇ ಒಂದು ಪರದೆ ಇದ್ದರೆ

ಇದು ಬೇರೆಯದೇ ಕಥೆ. ಪಟ್ಟಿಯಲ್ಲಿ ವಿಜಿಎ, ಎಚ್‌ಡಿಎಂಐ ಯಾವ ಹೆಸರೂ ಇಲ್ಲ. ಡಿಫಾಲ್ಟ್ ಅಥವಾ ನನ್-1 ಅಂತ ಒಂದೇ ಒಂದು. ಬ್ರೈಟ್‌ನೆಸ್ ಕೂಡ ಬದಲಾಗುತ್ತಿಲ್ಲ. ಹಾಗಿದ್ದರೆ ಬಹುಪಾಲು ನೋಮೋಡ್‌ಸೆಟ್ ಉಳಿದುಹೋಗಿದೆ.

ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾದರೆ ಕಂಪ್ಯಾಟಿಬಿಲಿಟಿ ಮೋಡ್ ಆರಿಸುತ್ತೇವೆ ಅಲ್ವಾ? ಅದು ಈ ನೋಮೋಡ್‌ಸೆಟ್ ಅನ್ನುವ ಪದವನ್ನು ಕರ್ನಲ್ಲಿಗೆ ಕೊಡುತ್ತೆ. ಗ್ರಾಫಿಕ್ಸ್ ಡ್ರೈವರನ್ನೇ ಕೂರಿಸಬೇಡ ಅಂತ ಅದರ ಅರ್ಥ. ಇನ್‌ಸ್ಟಾಲ್ ಮುಗಿದ ಮೇಲೂ ಅದು ಉಳಿದುಬಿಟ್ಟರೆ ಹೊರಗಿನ ಮಾನಿಟರ್ ಜನ್ಮದಲ್ಲಿ ಬರಲ್ಲ. ಯಾರೋ ಹಾಕಿಕೊಟ್ಟ ಲಿನಕ್ಸಿನಲ್ಲಿ ಇದನ್ನು ತಪ್ಪದೆ ನೋಡಿ.

ಮೂಲ ಫೋಲ್ಡರಿನಲ್ಲಿ ಇಟಿಸಿ, ಅದರೊಳಗೆ ಡಿಫಾಲ್ಟ್, ಅದರೊಳಗೆ ಗ್ರಬ್ ಅನ್ನುವ ಫೈಲ್ ಇದೆ. ಅದನ್ನು ಸುಡೋ (ಅಡ್ಮಿನ್) ಅಧಿಕಾರದಲ್ಲಿ ತೆರೆಯಿರಿ. ಕ್ವೈಟ್, ಸ್ಪ್ಲಾಶ್ ಅಂತ ಪದಗಳಿರುವ ಸಾಲು ಸಿಗುತ್ತೆ. ಅದರಲ್ಲಿ ನೋಮೋಡ್‌ಸೆಟ್ ಇದ್ದರೆ ಅದೊಂದನ್ನು ಮಾತ್ರ ಅಳಿಸಿ, ಉದ್ಧರಣ ಚಿಹ್ನೆ ಮುಟ್ಟಬೇಡಿ. ಸೇವ್ ಮಾಡಿ, ಟರ್ಮಿನಲ್ಲಿನಲ್ಲಿ ಸುಡೋ ಅಪ್‌ಡೇಟ್-ಗ್ರಬ್ ಕೊಟ್ಟು ರೀಸ್ಟಾರ್ಟ್ ಮಾಡಿ.

ರೀಸ್ಟಾರ್ಟ್ ಆದಾಗ ಲ್ಯಾಪ್‌ಟಾಪ್ ಪರದೆಯೇ ಕಪ್ಪಾಯಿತಾ? ಗಾಬರಿ ಬೇಡ. ಗ್ರಬ್ ಮೆನುವಿನಲ್ಲಿ ಇ ಕೀಲಿ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಸೇರಿಸಿ ಎಫ್10 ಒತ್ತಿದರೆ ಆ ಒಂದು ಸಲಕ್ಕೆ ಬೂಟ್ ಆಗುತ್ತೆ. ಹೀಗಾಗುವುದು ಹೆಚ್ಚಾಗಿ ಎನ್‌ವಿಡಿಯಾ ಕಾರ್ಡ್ ಇರುವ ಯಂತ್ರಗಳಲ್ಲಿ. ಡ್ರೈವರ್ ಮ್ಯಾನೇಜರಿನಲ್ಲಿ ಶಿಫಾರಸು ಮಾಡಿರುವ ಡ್ರೈವರ್ ಹಾಕಿ ಮತ್ತೆ ನೋಡಿ. ತೀರ ಹಳೇ ಕಾರ್ಡುಗಳಿಗೆ ಎನ್‌ವಿಡಿಯಾದವರೇ ಡ್ರೈವರ್ ಕೊಡುವುದು ನಿಲ್ಲಿಸಿದ್ದಾರೆ. 390ನೇ ಸರಣಿಯದು 2022ರ ಕೊನೆಗೆ ಮುಗಿಯಿತು. ಅಂಥದ್ದಿದ್ದರೆ ಲಿನಕ್ಸಿನ ಜೊತೆ ಬರುವ ನೂವೋ ಡ್ರೈವರನ್ನೇ ನಂಬಬೇಕು.

ಇಂಟೆಲ್, ಎನ್‌ವಿಡಿಯಾ ಎರಡೂ ಇರುವ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ತಿರುವು. ಕೆಲವದರಲ್ಲಿ ಹೊರಗಿನ ಪೋರ್ಟಿನ ತಂತಿ ಎನ್‌ವಿಡಿಯಾಗೆ ಹೋಗಿರುತ್ತೆ. ಬ್ಯಾಟರಿ ಉಳಿಯಲಿ ಅಂತ ಇಂಟೆಲ್ ಮಾತ್ರ ಆನ್ ಮಾಡಿಟ್ಟರೆ ಆ ಪೋರ್ಟ್ ಸತ್ತಂತೆಯೇ. ಬಯೋಸಿನಲ್ಲಿ ಗ್ರಾಫಿಕ್ಸ್ ಡಿವೈಸ್ ಅನ್ನುವುದನ್ನು ಬದಲಿಸಿ, ಒಂದೊಂದಾಗಿ ಪರೀಕ್ಷಿಸಿ.

ಬೇಕಾದ ರೆಸಲ್ಯೂಶನ್ ಪಟ್ಟಿಯಲ್ಲಿ ಇಲ್ಲದಿದ್ದರೆ

ಕೇಬಲ್ ಬದಲಿಸಿದರೂ ಬರದಿದ್ದಾಗ ಮಾತ್ರ ಇದು. ಮೊದಲು ಮಾನಿಟರಿನ ಸರಿಯಾದ ರೆಸಲ್ಯೂಶನ್ ಗೊತ್ತಿರಬೇಕು. ಚೌಕದ 17, 19 ಇಂಚಿನವು 1280×1024. ಅಗಲದವುಗಳಲ್ಲಿ 18.5 ಇಂಚಿನವು ಹೆಚ್ಚಾಗಿ 1366×768, 20 ಇಂಚಿನವು 1600×900, ಅದಕ್ಕಿಂತ ದೊಡ್ಡವು ಸಾಮಾನ್ಯವಾಗಿ 1920×1080. 1366ರ ಬದಲು 1360 ತೋರಿಸಿದರೆ ಅದನ್ನೇ ಇಟ್ಟುಕೊಳ್ಳಿ, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ.

ಟರ್ಮಿನಲ್ಲಿನಲ್ಲಿ ಸಿವಿಟಿ 1920 1080 60 ಅಂತ ಕೊಡಿ. ಮೋಡ್‌ಲೈನ್ ಅಂತ ಶುರುವಾಗುವ ಒಂದು ಉದ್ದ ಸಾಲು ಬರುತ್ತೆ, ಅದರಲ್ಲಿ 173.00 ಅಂತ ಶುರುವಾಗಿ ಅಂಕಿಗಳ ಮಾಲೆ. ಮೋಡ್‌ಲೈನ್ ಅನ್ನುವ ಪದ ಬಿಟ್ಟು ಉಳಿದದ್ದನ್ನೆಲ್ಲ ಕಾಪಿ ಮಾಡಿ, ಎಕ್ಸ್‌ರ್ಯಾಂಡರ್ --ನ್ಯೂಮೋಡ್ ಮುಂದೆ ಅಂಟಿಸಿ. ಆಮೇಲೆ ಎಕ್ಸ್‌ರ್ಯಾಂಡರ್ --ಆಡ್‌ಮೋಡ್ ಬರೆದು, ಪೋರ್ಟಿನ ಹೆಸರು, ಆ ಹೊಸ ಮೋಡಿನ ಹೆಸರು ಕೊಡಿ. ಈಗ ಅದು ಡಿಸ್‌ಪ್ಲೇ ಸೆಟ್ಟಿಂಗಿನ ಪಟ್ಟಿಯಲ್ಲಿ ಕಾಣುತ್ತೆ. ಮಾನಿಟರ್ "ಔಟ್ ಆಫ್ ರೇಂಜ್" ಅಂದರೆ ಸಿವಿಟಿ ಪಕ್ಕ -ಆರ್ ಸೇರಿಸಿ ಹೊಸ ಸಾಲು ಮಾಡಿಸಿ. ಅದು 138.50 ಅಂತ ಬರುತ್ತೆ, ಸಿಗ್ನಲ್ ಭಾರ ಕಡಿಮೆ. ಲಾಗೌಟ್ ಆದರೆ ಇದೆಲ್ಲ ಅಳಿಸಿಹೋಗುತ್ತೆ. ಸರಿಹೋಯಿತು ಅಂತ ಖಾತ್ರಿಯಾದ ಮೇಲೆ ಈ ಸಾಲುಗಳನ್ನು ಒಂದು ಸ್ಕ್ರಿಪ್ಟ್ ಮಾಡಿ ಸ್ಟಾರ್ಟಪ್ ಅಪ್ಲಿಕೇಶನ್ಸ್‌ಗೆ ಸೇರಿಸಿ.

ಟಿವಿಗೆ ಸಿಗಿಸುವವರಿಗೆ: ಎಚ್‌ಡಿ 3000 ಇರುವ ಲ್ಯಾಪ್‌ಟಾಪಿನ ಎಚ್‌ಡಿಎಂಐ 1920×1200 ದಾಟಲ್ಲ. ಟಿವಿ 4ಕೆ ಆಗಿದ್ದರೂ 1920×1080 ಇಡಿ. ಅಂಚು ಕತ್ತರಿಸಿದಂತೆ ಕಂಡು ಕೆಳಗಿನ ಪಟ್ಟಿ ಮಾಯವಾಗಿದ್ದರೆ ಟಿವಿಯ ಪಿಕ್ಚರ್ ಸೆಟ್ಟಿಂಗಿನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಆರಿಸಿ. ಧ್ವನಿ ಲ್ಯಾಪ್‌ಟಾಪಿನಲ್ಲೇ ಬರುತ್ತಿದ್ದರೆ ಸೌಂಡ್ ಸೆಟ್ಟಿಂಗಿನ ಔಟ್‌ಪುಟ್ಟಿನಲ್ಲಿ ಎಚ್‌ಡಿಎಂಐ ಆರಿಸಿ.

ಮುಚ್ಚಳ ಮುಚ್ಚಿ ಮಾನಿಟರಿನಲ್ಲಿ ಮಾತ್ರ ಕೆಲಸ ಮಾಡಬೇಕು ಅನ್ನುವವರು ಪವರ್ ಮ್ಯಾನೇಜ್‌ಮೆಂಟಿನಲ್ಲಿ ಲಿಡ್ ಮುಚ್ಚಿದಾಗ ಏನೂ ಮಾಡಬೇಡ ಅಂತ ಆರಿಸಿ. ಹೊರಗೆ ಮಾನಿಟರ್ ಇದ್ದಾಗ ಹೊಸ ಲಿನಕ್ಸುಗಳು ತಾವಾಗಿಯೇ ಮಲಗುವುದಿಲ್ಲ. ಆದರೂ ಈ ಹಳೇ ಯಂತ್ರಗಳು ಬೇಗ ಬಿಸಿಯಾಗುತ್ತವೆ. ಮೈಸೂರಿನ ಏಪ್ರಿಲ್ ಬಿಸಿಲಲ್ಲಂತೂ ಮುಚ್ಚಳ ಅರ್ಧ ತೆರೆದಿಟ್ಟು, ಪರದೆಯನ್ನು ಸೆಟ್ಟಿಂಗಿನಲ್ಲಿ ಆಫ್ ಮಾಡುವುದೇ ವಾಸಿ.